ಹದಿನಾರು ಬೋಲ್ಟಿನ ಸುಂಟರಗಾಳಿ

ಮೊದಲು ಆ ಗಾಳಿಗೆ ಕೈಮುಗಿದು ಮುಂದಿನ ಮಾತು. ಅದು ನಮ್ಮ ಕಟ್ಟಡದ ಮೇಲೆ ಬೀಸಿದ್ದು ಹೆಚ್ಚೆಂದರೆ ಒಂದೂವರೆ ನಿಮಿಷ. ಯಾರಿಗೂ ಒಂದು ಗೀರು ಗಾಯ ಆಗಲಿಲ್ಲ. ಆಮೇಲೆ ಆದ ಅನಾಹುತವೆಲ್ಲ ನನ್ನ ಬಾಯಿಂದ ಆದದ್ದು, ಅದರಲ್ಲಿ ಗಾಳಿಯ ಪಾತ್ರ ಏನೂ ಇಲ್ಲ ಎಂದು ಇಲ್ಲೇ ಸ್ಪಷ್ಟಪಡಿಸುತ್ತೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರವಾದ ಚೌಕಟ್ಟೊಂದನ್ನು ಇಟ್ಟು, ಅದರೊಳಗೆ ಒಂದೊಂದೇ ಗಾಜು ಹಾಕಿ ತೆಗೆದು, "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಎಂದು ಕೇಳುವುದು ನನ್ನ ಉದ್ಯೋಗ. ಇಪ್ಪತ್ತೆರಡು ವರ್ಷದಿಂದ ಇದೊಂದೇ ಪ್ರಶ್ನೆ. ಹೀಗೆ ಹೋಲಿಸಿ ಹೋಲಿಸಿ ಅದೇ ಚಟವಾಗಿ, ಸಂಜೆ ಮನೆಗೆ ಬಂದ ಮೇಲೂ ಏನನ್ನಾದರೂ ಹೋಲಿಸದಿದ್ದರೆ ಊಟ ಸೇರುವುದಿಲ್ಲ. ಹೆಂಡತಿಯ ಅಡುಗೆಯನ್ನು ಹೋಲಿಸುವುದು ಕ್ಷೇಮವಲ್ಲವಾದ್ದರಿಂದ ನಾನು ಸುಂಟರಗಾಳಿಗಳನ್ನು ಆರಿಸಿಕೊಂಡೆ.

ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಇತಿಹಾಸದ ಭಾರೀ ಸುಂಟರಗಾಳಿಗಳನ್ನೆಲ್ಲ ಪಕ್ಕಪಕ್ಕ ನಿಲ್ಲಿಸಿದ್ದೇನೆ. ಅವುಗಳನ್ನು ಇಸವಿಯಿಂದಲೇ ಕರೆಯುವಷ್ಟು ಸಲಿಗೆ ನನಗೆ. ಸಾವಿರದ ಒಂಬೈನೂರ ಇಪ್ಪತ್ತೈದರದ್ದು ಮೂರೂವರೆ ಗಂಟೆ ಬಿಡದೆ ಓಡಿ ಮುನ್ನೂರೈವತ್ತು ಕಿಲೋಮೀಟರ್ ನೆಲ ಗುಡಿಸಿತು, ಸುಮಾರು ಏಳುನೂರು ಜನರನ್ನು ಬಲಿ ತೆಗೆದುಕೊಂಡಿತು. ತೊಂಬತ್ತೊಂಬತ್ತರದ್ದರ ವೇಗವನ್ನು ರಾಡಾರ್‌ನಲ್ಲಿ ಹಿಡಿದಾಗ ಗಂಟೆಗೆ ಸುಮಾರು ಐನೂರು ಕಿಲೋಮೀಟರ್. ಎರಡು ಸಾವಿರದ ಹದಿಮೂರರದ್ದು ಅಗಲದಲ್ಲಿ ಎಲ್ಲಕ್ಕೂ ಅಪ್ಪ, ನಾಲ್ಕು ಕಿಲೋಮೀಟರಿಗೂ ಹೆಚ್ಚು. ಆದರೆ ಅದು ಹಾದುಹೋದದ್ದು ಬಹುಪಾಲು ಬಯಲಿನಲ್ಲಿ, ಮುರಿಯಲು ಹೆಚ್ಚೇನೂ ಸಿಗಲಿಲ್ಲ, ಹಾಗಾಗಿ ಅದಕ್ಕೆ ಕೊಟ್ಟದ್ದು ಮೂರನೇ ದರ್ಜೆ. ಸೊನ್ನೆಯಿಂದ ಐದರವರೆಗೆ ದರ್ಜೆಗಳಿವೆ. ದರ್ಜೆ ಕೊಡುವವರು ಗಾಳಿಯನ್ನು ನೋಡುವುದಿಲ್ಲ, ಗಾಳಿ ಮುರಿದದ್ದನ್ನು ನೋಡುತ್ತಾರೆ. ಮುರಿದದ್ದು ಎಷ್ಟು ಗಟ್ಟಿಯಾಗಿತ್ತು ಎಂದೂ ನೋಡುತ್ತಾರೆ. ಗಟ್ಟಿ ಮನೆ ಬಿದ್ದರೆ ಗಾಳಿ ದೊಡ್ಡದು. ಬೀಳಲು ಕಾಯುತ್ತಾ ನಿಂತಿದ್ದ ಮನೆ ಬಿದ್ದರೆ ಅದರ ಕೀರ್ತಿ ಗಾಳಿಗೆ ಸಲ್ಲುವುದಿಲ್ಲ. ಈ ಕೊನೆಯ ನಿಯಮವನ್ನು ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ.

ನಮ್ಮದು ಮೂರು ಅಂತಸ್ತಿನ, ಒಂಬತ್ತು ಸಂಸಾರದ ಹಳೆಯ ಕಟ್ಟಡ. ಅದಕ್ಕೆ ನಾನು ಸೆಕ್ರೆಟರಿ. ಸಭೆಗೆ ಬಾರದವನನ್ನು ಆರಿಸುವುದು ನಮ್ಮವರ ಪದ್ಧತಿ, ಆ ದಿನ ನಾನು ಹಲ್ಲು ಕೀಳಿಸಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಒಂದು ಹಲ್ಲು ಹೋಗಿ ಒಂದು ಹುದ್ದೆ ಬಂದಿತ್ತು. ಹುದ್ದೆ ಬಂದ ಮೇಲೆ ಏನಾದರೂ ಮಾಡಬೇಕಲ್ಲ. ತಾರಸಿಯ ಮೇಲೆ ಬಟ್ಟೆ ಒಣಗಿಸಲು ಒಂದು ತಗಡಿನ ಚಾವಣಿ ಹಾಕಿಸಿದೆ. ನಾಲ್ಕು ಕಬ್ಬಿಣದ ಕಂಬ, ಕಂಬದ ತುದಿಗೊಂದು ತಟ್ಟೆ, ತಟ್ಟೆಗೆ ನಾಲ್ಕು ತೂತು, ಒಟ್ಟು ಹದಿನಾರು ಬೋಲ್ಟ್. ವೆಲ್ಡಿಂಗ್‌ನವನು ಚಾವಣಿಯನ್ನು ಕಂಬದ ಮೇಲೆ ಕೂರಿಸುವಷ್ಟರಲ್ಲಿ ಕಾಲು ಉಳುಕಿಸಿಕೊಂಡು ಮನೆಗೆ ಹೋದ. ಉದ್ಘಾಟನೆ ನಾಲ್ಕು ಗಂಟೆಗೆ. "ಬೋಲ್ಟ್ ತಾನೇ, ನಾನೇ ಹಾಕ್ತೀನಿ" ಎಂದು ಏಣಿ ಹತ್ತಿದೆ.

ಕಂಬಕ್ಕೊಂದರಂತೆ ನಾಲ್ಕು ಹಾಕುವಷ್ಟರಲ್ಲಿ ನನ್ನ ತೋಳು ಕೈಕೊಟ್ಟಿತು. ಮಿಕ್ಕ ತೂತುಗಳಿಗೆ ತೆಳ್ಳನೆಯ ತಂತಿ ಸುತ್ತಿ, ತಂತಿ ಕಾಣದಂತೆ ಬೆಳ್ಳಿ ಬಣ್ಣ ಬಳಿದು, ಉಳಿದದ್ದನ್ನು ನಾಳೆ ಹಾಕೋಣ ಎಂದು ಕೆಳಗಿಳಿದೆ. ಆ ನಾಳೆ ಎರಡು ವರ್ಷವಾದರೂ ಬಂದಿರಲಿಲ್ಲ. ಉದ್ಘಾಟನೆಯ ಭಾಷಣದಲ್ಲಿ ಮಾತ್ರ, "ಆನೆ ಬಂದು ಎಳೆದರೂ ಇದು ಅಲ್ಲಾಡುವುದಿಲ್ಲ" ಎಂದಿದ್ದೆ.

ಒಂದು ಭಾನುವಾರ ಮಧ್ಯಾಹ್ನ ರಸ್ತೆಯ ಧೂಳು ಗಿರ್ರನೆ ತಿರುಗುತ್ತಾ ಎದ್ದು, ನಮ್ಮ ಗೇಟಿನೊಳಗೆ ನುಗ್ಗಿ, ಗೋಡೆ ಹಿಡಿದುಕೊಂಡು ಮೇಲೇರಿತು. ತಾರಸಿಯಲ್ಲಿ ಒಮ್ಮೆ ಧಡಾರ್ ಎಂಬ ಸದ್ದು. ನಾವೆಲ್ಲ ಓಡಿ ಹೋಗಿ ನೋಡಿದರೆ ನಾಲ್ಕು ಕಂಬ ನಿಂತಿವೆ, ಚಾವಣಿ ಇಲ್ಲ. ಅದು ರಸ್ತೆ ದಾಟಿ ಹೋಗಿ ಎದುರಿನ ಬಸ್ ನಿಲ್ದಾಣದ ಮೇಲೆ ಕೂತಿತ್ತು. ಆ ನಿಲ್ದಾಣಕ್ಕೆ ಆರು ವರ್ಷದಿಂದ ಚಾವಣಿ ಇರಲಿಲ್ಲ. ನಾವು ನೋಡುತ್ತಿದ್ದಂತೆಯೇ ಇಬ್ಬರು ಬಂದು ಅದರ ನೆರಳಲ್ಲಿ ಕೂತರು. "ಅಂತೂ ನಗರಸಭೆಯವರು ಹಾಕಿಸಿದ್ರಪ್ಪ" ಎಂದು ಅವರಲ್ಲೊಬ್ಬ ಹೇಳಿದ್ದು ನಮಗೂ ಕೇಳಿಸಿತು.

ಕೆಳಗಿನ ಮನೆಯ ಮೇಷ್ಟ್ರು ಕಂಬಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅವರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಭೂಮಿಯ ಮೇಲೆ ಏನೇ ಆದರೂ ಅದು ತಮ್ಮ ವಿಷಯ ಎಂದೇ ತಿಳಿದವರು.

"ಏನ್ರೀ ಸೆಕ್ರೆಟರಿ, ಆನೆ ಎಳೆದ್ರೂ ಅಲ್ಲಾಡಲ್ಲ ಅಂದಿದ್ರಿ?"

"ಆನೆ ವಿಷಯ ಹೇಳಿದ್ದೆ ಸಾರ್. ಗಾಳಿ ವಿಷಯ ಹೇಳಿರಲಿಲ್ಲ."

"ಹದಿನಾರು ಬೋಲ್ಟೂ ಹಾಕಿದ್ರೋ ಇಲ್ವೋ?"

ಒಂಬತ್ತು ಸಂಸಾರಗಳ ಕಣ್ಣು ನನ್ನ ಮೇಲಿತ್ತು. ಅಲ್ಲಿ ಎರಡೇ ದಾರಿ. ಒಂದೋ ನನ್ನ ಕೆಲಸ ಕಳಪೆ, ಇಲ್ಲವೋ ಗಾಳಿ ಭಯಂಕರ. ಗಾಳಿ ಆಗಲೇ ಹೋಗಿಬಿಟ್ಟಿತ್ತು, ಎದುರಾಡುವ ಹಾಗಿರಲಿಲ್ಲ.

"ಹದಿನಾರೂ ಹಾಕಿದ್ದೆ" ಎಂದೆ. "ಹದಿನಾರು ಬೋಲ್ಟು ಒಟ್ಟಿಗೆ ಕಿತ್ತು ಹೋಗ್ಬೇಕು ಅಂದ್ರೆ ಇದು ಸಾಮಾನ್ಯ ಗಾಳಿ ಅಲ್ಲ ಸಾರ್. ಮೂರನೇ ದರ್ಜೆ ಸುಂಟರಗಾಳಿ. ಎರಡು ಸಾವಿರದ ಹದಿಮೂರರದ್ದಕ್ಕೆ ಸಮ!"

"ಧೂಳು ಸುಳಿ ರೀ ಇದು! ಬೇಸಿಗೆಯಲ್ಲಿ ಶಾಲೆ ಮೈದಾನದಲ್ಲಿ ದಿನಾ ಏಳುತ್ತೆ."

"ಶಾಲೆ ಮೈದಾನದಲ್ಲಿ ಹದಿನಾರು ಬೋಲ್ಟು ಇರುತ್ತಾ ಸಾರ್?"

ನೋಟ್‌ಬುಕ್ ತರಿಸಿ ಎಲ್ಲರಿಗೂ ದರ್ಜೆಗಳನ್ನು ವಿವರಿಸಿದೆ. ಏನೇನು ಮುರಿದಿದೆಯೋ ಅದರ ಮೇಲೆ ಮರ್ಯಾದೆ ಎಂದು ತಿಳಿದದ್ದೇ ತಡ, ನಮ್ಮವರ ಉತ್ಸಾಹ ಹೇಳತೀರದು. ಒಂದನೇ ಅಂತಸ್ತಿನವರ ಬಾಗಿಲ ಚಿಲಕ ಹೋದ ವರ್ಷವೇ ಕಿತ್ತುಹೋಗಿತ್ತು, ಅದನ್ನು ಗಾಳಿಯ ಖಾತೆಗೆ ಬರೆಸಿದರು. ಪಕ್ಕದ ಮನೆಯ ಕಂಡಕ್ಟರ್, "ಗಾಳಿಗೆ ನನ್ನ ಕಿವಿ ಒಂದು ಮಂದವಾಗಿದೆ" ಎಂದು ಬರೆಸಲು ಬಂದ. ಅವನ ಹೆಂಡತಿ, "ಅದು ಮದುವೆ ಆದಾಗಿಂದ್ಲೂ ಮಂದವೇ" ಎಂದು ಹೊಡೆದು ಹಾಕಿಸಿದಳು. ಎದುರಿನ ಕಟ್ಟಡದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಮಾತ್ರ ಉರುಳಿದ್ದು ಗೊತ್ತಾಗಿ, ಅಲ್ಲಿಯವರನ್ನು ನಮ್ಮವರು ಸೊನ್ನೆ ದರ್ಜೆಯವರು ಎಂದು ಕರೆಯತೊಡಗಿದರು.

ಸುದ್ದಿ ಕೇಳಿ ನನ್ನ ಹೆಂಡತಿಯ ಅಣ್ಣ ಐದು ಗಂಟೆ ಬಸ್ಸಿನಲ್ಲಿ ಕೂತು ಬಂದರು. ಬಂದವರೇ ನನ್ನ ಭುಜ, ತೋಳು, ಪಕ್ಕೆ ಎಲ್ಲ ಮುಟ್ಟಿ ನೋಡಿ, "ನೀವು ಉಳಿದದ್ದೇ ಹೆಚ್ಚು" ಎಂದು ಕಣ್ಣೊರೆಸಿಕೊಂಡರು. ನನ್ನ ಹೆಂಡತಿಗೆ ಮಾತ್ರ ಕಣ್ಣೀರು ಬರಲಿಲ್ಲ.

"ರೀ, ನೀವು ಹೊಡೆದ ಮೊಳೆ ಕ್ಯಾಲೆಂಡರ್ ಭಾರಕ್ಕೇ ಬೀಳುತ್ತೆ. ಹದಿನಾರು ಬೋಲ್ಟು ಯಾವಾಗ ಹಾಕಿದ್ರಿ?"

"ಅದು ಬೇರೆ, ಇದು ಬೇರೆ" ಎಂದು ನೋಟ್‌ಬುಕ್ಕಿನೊಳಗೆ ಮುಖ ಹುದುಗಿಸಿದೆ.

ಇದು ಇಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಮೇಷ್ಟ್ರು ಸೋಲೊಪ್ಪುವ ಜನ ಅಲ್ಲ. ಬಂದದ್ದು ಸುಂಟರಗಾಳಿಯೋ ಧೂಳು ಸುಳಿಯೋ ತಾವೇ ಬಂದು ತೀರ್ಮಾನಿಸಬೇಕು ಎಂದು ನಗರಸಭೆಗೆ ಮೂರು ಪುಟದ ಪತ್ರ ಬರೆದರು. ನಗರಸಭೆಗೆ ಬರೆದ ಪತ್ರಕ್ಕೆ ಉತ್ತರ ಬರುವುದಿಲ್ಲ ಎಂಬ ಧೈರ್ಯ ನನಗಿತ್ತು. ನಾಲ್ಕನೇ ದಿನ ನಗರಸಭೆಯ ಇಂಜಿನಿಯರ್ ಮೇಡಂ ಬಂದು ಗೇಟಿನಲ್ಲಿ ನಿಂತರು.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೈಯಲ್ಲೊಂದು ಸಣ್ಣ ಸುತ್ತಿಗೆ, ಕಂಕುಳಲ್ಲೊಂದು ಫೈಲು. ಗೋಡೆಗೆ ಸುತ್ತಿಗೆ ತಾಗಿಸಿ ಕಿವಿಗೊಟ್ಟು ಕೇಳಿದರು, ಏಣಿ ಹತ್ತಿ ಕಂಬದ ತುದಿ ನೋಡಿದರು, ಇಳಿದು ಬಂದು ಏನೂ ಹೇಳದೆ ಒಂದು ನಮೂನೆ ಮುಂದಿಟ್ಟರು. "ಚಾವಣಿ ಹಾಕಿಸಿದವರು ಯಾರು? ಎಷ್ಟು ಬೋಲ್ಟು? ಬರೆದು ಸಹಿ ಮಾಡಿ." ಸುತ್ತಲೂ ಒಂಬತ್ತು ಸಂಸಾರ, ಜೊತೆಗೆ ಭಾವ. ಹದಿನಾರು ಎಂದು ಬರೆದು, ಸೆಕ್ರೆಟರಿ ಎಂದು ಕೆಳಗೆ ಗೆರೆ ಎಳೆದು ಸಹಿ ಮಾಡಿದೆ.

ಮೇಡಂ ಅದನ್ನು ಓದಿ ನಿಟ್ಟುಸಿರು ಬಿಟ್ಟರು. "ಹದಿನಾರು ಬೋಲ್ಟ್ ಕೀಳೋ ಗಾಳಿ ಹೊಡೆದಿದ್ರೆ ಇಷ್ಟು ಹಳೇ ಕಟ್ಟಡದ ಒಳಗೆಲ್ಲ ಸಡಿಲ ಆಗಿರುತ್ತೆ. ನಿಯಮದ ಪ್ರಕಾರ ಹದಿನೈದು ದಿನದಲ್ಲಿ ಎಲ್ಲರೂ ಖಾಲಿ ಮಾಡ್ಬೇಕು. ಆರು ತಿಂಗಳು ಪರೀಕ್ಷೆ ನಡೆಯುತ್ತೆ. ಆಮೇಲೆ ಕೆಡವೋದೋ ಉಳಿಸೋದೋ ಹೇಳ್ತೀವಿ."

ಮೊದಲು ಮಾತಾಡಿದವರು ಮೂರನೇ ಅಂತಸ್ತಿನ ಟೈಲರ್ ಅಕ್ಕ. ಅವರ ಮನೆಯಲ್ಲಿ ಆರು ಹೊಲಿಗೆ ಮೆಷಿನ್ನುಗಳಿವೆ. ಐದು ಜನ ಹೆಣ್ಣುಮಕ್ಕಳು ದಿನಾ ಬಂದು ಅಲ್ಲಿ ಹೊಲಿಯುತ್ತಾರೆ, ಆರನೆಯದರಲ್ಲಿ ಅಕ್ಕ. ಬೆಳಗಿನಿಂದ ಸಂಜೆವರೆಗೆ ಟಕಟಕ ಸದ್ದಿಗೆ ಒಪ್ಪುವ ಮನೆ ಸಿಗದೆ ನಾಲ್ಕು ವರ್ಷ ಅಲೆದು ನಮ್ಮಲ್ಲಿಗೆ ಬಂದವರು. ಅವರು ನೇರವಾಗಿ ನನ್ನ ಮುಂದೆ ಬಂದು ಕೈಮುಗಿದರು.

"ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ. ನೀವು ಗಾಳಿ ಎಷ್ಟು ದೊಡ್ಡದು ಅಂತ ಹೇಳದೇ ಇದ್ದಿದ್ರೆ ಒಂದಿನ ಆ ಹುಡುಗಿಯರು ಕೂತಿರುವಾಗ್ಲೇ ಮೇಲೆ ಕುಸಿದಿರೋದು. ಮನೆ ಹೋದ್ರೆ ಹೋಗ್ಲಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಬೈಗುಳದ ಅಭ್ಯಾಸ ಇದೆ. ಅವರ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಬಂದು ಧನ್ಯವಾದ ಹೇಳಿದರು. ಅಷ್ಟೇ ಅಲ್ಲ, ಮರುದಿನ ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿ ನನಗೊಂದು ಸನ್ಮಾನ ಮಾಡಿದರು. ಕಂಡಕ್ಟರ್ ನನ್ನನ್ನು ಜೀವರಕ್ಷಕ ಎಂದು ಕರೆದ. ಮೇಷ್ಟ್ರು ಎದ್ದು ನಿಂತು, "ನಾನು ಧೂಳು ಸುಳಿ ಅಂದಿದ್ದು ತಪ್ಪು. ಪತ್ರ ಬರೆದು ಎಲ್ಲರ ಮನೆ ಕಳೆದವನೂ ನಾನೇ" ಎಂದು ಎಲ್ಲರ ಕ್ಷಮೆ ಕೇಳಿದರು. ಕೊನೆಗೆ ನನಗೊಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಹದಿಮೂರು ದಿನಕ್ಕೆ ಗೋಡೆಯೇ ಇಲ್ಲದವನಾಗುವ ನಾನು ಅದನ್ನು ಎದೆಗೆ ಒತ್ತಿಕೊಂಡು ಕೂತೆ. ಅದು ಪ್ರತಿ ಸೆಕೆಂಡಿಗೂ ನನ್ನ ಪಕ್ಕೆಗೆ ತಿವಿಯುತ್ತಿತ್ತು.

ಮರುದಿನ ಅಂಗಡಿಗೆ ರಜೆ ಹಾಕಿ, ನೋಟ್‌ಬುಕ್ ಹಿಡಿದು ನಗರಸಭೆಗೆ ಓಡಿದೆ. ಬೋಲ್ಟಿನ ಸುದ್ದಿ ಎತ್ತದೆ ಗಾಳಿಯನ್ನು ಮಾತ್ರ ಸಣ್ಣದು ಮಾಡಿ ಬರುವುದು ನನ್ನ ಯೋಜನೆ.

"ಮೇಡಂ, ಯೋಚನೆ ಮಾಡಿದೆ. ಇಪ್ಪತ್ತೈದರದ್ದು ಮೂರೂವರೆ ಗಂಟೆ ಬೀಸಿತ್ತು. ನಮ್ಮದು ಒಂದೂವರೆ ನಿಮಿಷ. ಹದಿಮೂರರದ್ದು ನಾಲ್ಕು ಕಿಲೋಮೀಟರ್ ಅಗಲ. ನಮ್ಮದು ಗೇಟಿನೊಳಗೆ ಬಂತು ಅಂದ್ಮೇಲೆ ಗೇಟಿಗಿಂತ ಅಗಲ ಇರೋಕೆ ಸಾಧ್ಯ ಇಲ್ಲ. ಸೊನ್ನೆ ದರ್ಜೆ ಅಂತ ಬರೆದುಬಿಡಿ."

ಮೇಡಂ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಚಾವಣಿ ಯಾಕೆ ಹಾರಿತು?"

"ಅದು... ಅದಕ್ಕೆ ಹಾರಬೇಕು ಅನ್ನಿಸಿರಬೇಕು."

"ನೋಡಿ, ಎರಡರಲ್ಲಿ ಒಂದು. ಗಾಳಿ ಗಟ್ಟಿಯಾಗಿತ್ತೋ, ಚಾವಣಿ ಸಡಿಲವಾಗಿತ್ತೋ? ಇದಾ, ಅದಾ?"

ಇಪ್ಪತ್ತೆರಡು ವರ್ಷ ನಾನು ಜನರನ್ನು ಕೇಳಿದ ಪ್ರಶ್ನೆ. ಎಷ್ಟೋ ಸಲ ಅವರು ಕುರ್ಚಿಯಲ್ಲಿ ಕೂತು ತಡವರಿಸುವಾಗ, ಕಣ್ಣೆದುರಿಗಿರುವುದನ್ನು ಹೇಳಲು ಇಷ್ಟು ಹೊತ್ತೇ ಎಂದು ನಾನು ಮನಸ್ಸಿನಲ್ಲೇ ಗೊಣಗಿದ್ದೇನೆ. ಅವರೆಲ್ಲರ ಕ್ಷಮೆ ಕೇಳುತ್ತೇನೆ. "ಆಮೇಲೆ ಬರ್ತೀನಿ ಮೇಡಂ" ಎಂದು ಕಾಲಿಗೆ ಬುದ್ಧಿ ಹೇಳಿದೆ.

ಹದಿನಾಲ್ಕನೇ ದಿನ ಗೇಟಿನ ಮುಂದೆ ಲಾರಿ ಬಂದು ನಿಂತಿತು. ಟೈಲರ್ ಅಕ್ಕನ ಮೆಷಿನ್ನುಗಳನ್ನು ಊರಾಚೆಯ ಯಾವುದೋ ಗೋದಾಮಿನ ಮೂಲೆಯಲ್ಲಿ ಇಡುವುದೆಂದು ಆಗಿತ್ತು. ಹೊಲಿಯಲು ಅಲ್ಲಿ ಜಾಗವಿಲ್ಲ. ಐದು ಹುಡುಗಿಯರೂ ಬೇರೆ ಕೆಲಸ ನೋಡಿಕೊಳ್ಳಬೇಕು. ಖಾಲಿ ಮಾಡಿಸಲು ಬಂದ ಇಂಜಿನಿಯರ್ ಮೇಡಂ ಗೇಟಿನ ಬಳಿ ಫೈಲು ಹಿಡಿದು ನಿಂತಿದ್ದರು. ಐದು ಮೆಷಿನ್ನು ಅಷ್ಟರಲ್ಲಾಗಲೇ ಅಂಗಳಕ್ಕೆ ಇಳಿದಿದ್ದವು. ಆರನೆಯದರ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅಕ್ಕ ಹಿಡಿದರು. ಎರಡನೇ ಅಂತಸ್ತಿನ ತಿರುವಿನಲ್ಲಿ ಇಬ್ಬರೂ ಉಸಿರು ಬಿಡಲು ನಿಂತೆವು. ಮೆಷಿನ್ನು ನನ್ನ ಎದೆಯ ಮೇಲಿತ್ತು.

"ಅಣ್ಣಾ, ನಿಮ್ಮ ಸೊಂಟಕ್ಕೆ ಆಗುತ್ತಾ? ಇಷ್ಟೆಲ್ಲಾ ಮಾಡಿ ಕೊನೆಗೆ ಹೊರೋಕೂ ನಿಮಗೇ ಬಂತಲ್ಲ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದರು ಅಕ್ಕ.

ನನ್ನ ಕೈಯಲ್ಲಿ ಆಗಲಿಲ್ಲ. "ಅಕ್ಕಾ, ನಾಲ್ಕೇ ಬೋಲ್ಟು!" ಎಂದು ಕೂಗಿಬಿಟ್ಟೆ.

ನಮ್ಮ ಮೆಟ್ಟಿಲಿಗೊಂದು ಗುಣವಿದೆ, ಅಲ್ಲಿ ಕೆಮ್ಮಿದರೂ ಕೆಳಗೆ ಅಂಗಳದವರೆಗೆ ಕೇಳುತ್ತದೆ. ಲಾರಿಯವರು ಸೇರಿದಂತೆ ಎಲ್ಲರೂ ಮೆಟ್ಟಿಲ ಬುಡಕ್ಕೆ ಬಂದರು.

"ಏನಂದ್ರಿ?" ಎಂದರು ಅಕ್ಕ.

"ಹದಿನಾರು ಹಾಕಿರಲಿಲ್ಲ ಅಕ್ಕ. ಕಂಬಕ್ಕೊಂದು, ನಾಲ್ಕೇ. ಮಿಕ್ಕಿದ್ದಕ್ಕೆ ತಂತಿ ಸುತ್ತಿ ಬಣ್ಣ ಬಳಿದಿದ್ದೆ. ಗಾಳಿದು ಏನೂ ತಪ್ಪಿಲ್ಲ. ಕಟ್ಟಡಕ್ಕೂ ಏನೂ ಆಗಿಲ್ಲ. ಎಲ್ಲಾ ಸುಳ್ಳು ನಂದೇ."

ಅಕ್ಕ ಮೆಷಿನ್ನಿನ ಆ ತುದಿಯನ್ನು ಮೆಲ್ಲನೆ ಮೆಟ್ಟಿಲ ಮೇಲಿಟ್ಟು, ಅಲ್ಲೇ ಕೂತುಬಿಟ್ಟರು. ನನ್ನ ತುದಿ ನನ್ನ ಎದೆಯ ಮೇಲೇ ಉಳಿಯಿತು, ಇಳಿಸಿಕೋ ಎಂದು ಯಾರೂ ಹೇಳಲಿಲ್ಲ. ಕೆಳಗಿನಿಂದ ಮೊದಲು ಬಂದ ಸದ್ದು ಮೇಷ್ಟ್ರದು. "ಧೂಳು ಸುಳಿ! ನಾನು ಹೇಳಿದ್ದೇ ಸರಿ! ಧೂಳು ಸುಳಿ!" ಎಂದು ಅವರು ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದು ಮೆಷಿನ್ನು ಸಮೇತ ನನ್ನನ್ನು ತಬ್ಬಿಕೊಂಡರು. ಕಂಡಕ್ಟರ್, "ಏನು, ನಾಲ್ಕು ಬಸ್ಸಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು.

ಮೇಡಂ ನಿಧಾನವಾಗಿ ಮೇಲೆ ಬಂದರು. ಅವರ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ಮೊದಲ ದಿನವೇ ಏಣಿ ಹತ್ತಿ ನೋಡಿದ್ದೆ. ಹನ್ನೆರಡು ತೂತಿನಲ್ಲಿ ಬೋಲ್ಟು ಕೂತ ಗುರುತೇ ಇರಲಿಲ್ಲ. ಅಂಚಿನಲ್ಲಿ ಬಣ್ಣ ಹಾಗೇ ಇತ್ತು."

"ಮತ್ತೆ ಹೇಳಲಿಲ್ವಲ್ಲ ಮೇಡಂ!"

"ನೀವು ಹದಿನಾರು ಅಂತ ಬರೆದು ಸಹಿ ಮಾಡಿದ್ರಿ. ನಮ್ಮ ಆಫೀಸಲ್ಲಿ ಸಹಿ ಮುಂದೆ ನನ್ನ ಕಣ್ಣು ನಡೆಯಲ್ಲ. ಸಹಿ ಮಾಡಿದವರೇ ಬದಲಾಯಿಸ್ಬೇಕು. ಅದಕ್ಕೇ ಆವತ್ತು ಅಷ್ಟು ಸ್ಪಷ್ಟವಾಗಿ ಕೇಳಿದ್ದು." ಅವರು ಫೈಲಿನಿಂದ ಒಂದು ಹೊಸ ನಮೂನೆ ತೆಗೆದರು. ಅದನ್ನು ಅವರು ಹದಿನಾಲ್ಕು ದಿನದಿಂದ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದ್ದರಂತೆ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಮೆಷಿನ್ನಿನ ಹಲಗೆಯ ಮೇಲೆಯೇ ಕಾಗದ ಇಟ್ಟು, ಬೋಲ್ಟು ನಾಲ್ಕು, ಗಾಳಿ ಸೊನ್ನೆ ದರ್ಜೆ, ತಪ್ಪು ಪೂರ್ತಿ ನನ್ನದು ಎಂದು ಬರೆದೆ. ಸೆಕ್ರೆಟರಿ ಎಂದು ಬರೆಯಲು ಹೋದಾಗ ಮೇಷ್ಟ್ರು, "ಮಾಜಿ ಅಂತ ಸೇರಿಸಿ" ಎಂದರು. ಸೇರಿಸಿದೆ. ಮೇಡಂ ಹಳೆಯ ಆದೇಶದ ಮೇಲೆ ಅಡ್ಡಗೆರೆ ಎಳೆದರು. ಭಾವ ಫೋನಿನಲ್ಲಿ ವಿಷಯ ಕೇಳಿ, ತಮ್ಮ ಕಣ್ಣೀರು ದಂಡವಾಯಿತು ಎಂದು ಬೇಜಾರು ಮಾಡಿಕೊಂಡರು.

ಲಾರಿ ಖಾಲಿಯಾಗಿ ಹೋಯಿತು. ಆರೂ ಮೆಷಿನ್ನುಗಳನ್ನು ಮೂರನೇ ಅಂತಸ್ತಿಗೆ ವಾಪಸು ಹೊರುವ ಕೆಲಸ ನನಗೆ ಬಿತ್ತು. ಯಾರೂ ಹೇಳಲಿಲ್ಲ, ಆದರೆ ಎಲ್ಲರೂ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು. ಎರಡನೆಯದು ಎತ್ತುವಾಗ ಇನ್ನೊಂದು ತುದಿಗೆ ಯಾರೋ ಕೈಹಾಕಿದಂತಾಯಿತು. ನೋಡಿದರೆ ನನ್ನ ಹೆಂಡತಿ. ಅವಳ ಮುಖ ಊದಿಕೊಂಡಿತ್ತು, ಆದರೆ ಆರನೆಯದರವರೆಗೂ ಆ ತುದಿ ಬಿಡಲಿಲ್ಲ. ಅವಳಿಗೆ ನಾನು ಈ ಜನ್ಮದಲ್ಲಿ ಋಣಿ.

ಟೈಲರ್ ಅಕ್ಕ ಬಾಗಿಲಲ್ಲಿ ನಿಂತು, "ಅಲ್ಲಿ ಬೇಡ, ಇಲ್ಲಿಡಿ. ಕಿಟಕಿ ಕಡೆ ತಿರುಗಿಸಿ. ಇನ್ನೂ ಸ್ವಲ್ಪ" ಎಂದಷ್ಟೇ ಹೇಳುತ್ತಿದ್ದರು. ಅಣ್ಣಾ ಎನ್ನುವ ಮಾತು ಅವರ ಬಾಯಿಂದ ಮಾಯವಾಗಿತ್ತು. ಕೊನೆಯ ಮೆಷಿನ್ನು ಜಾಗದಲ್ಲಿ ಕೂತ ಮೇಲೆ ಅವರು ಅದರ ಮುಂದೆ ಕೂತು, ದಾರ ಎಳೆದು, ಸೂಜಿಗೆ ಪೋಣಿಸಲು ಹೋದರು. ಪೋಣಿಸಲಾಗಲಿಲ್ಲ. ಎರಡು ಸಲ, ಮೂರು ಸಲ ಪ್ರಯತ್ನಿಸಿದರು. ಹದಿನಾಲ್ಕು ದಿನ ಯಾರ ಮುಂದೆಯೂ ಅಳದ ಹೆಂಗಸು ಈಗ ಸೂಜಿಯ ಮುಂದೆ ಅಳುತ್ತಿದ್ದರು.

ನಾನು ದಾರದ ತುದಿ ತೆಗೆದುಕೊಂಡು ಪೋಣಿಸಿ ಕೊಟ್ಟೆ. ಬೆಳಗಿನಿಂದ ಸಂಜೆಯವರೆಗೆ ಕನ್ನಡಕದ ಸಣ್ಣ ಸ್ಕ್ರೂಗಳ ಜೊತೆ ಬದುಕುವ ನನಗೆ ಬರುವ ಕೆಲಸ ಅದೊಂದೇ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೇಲೆ ಮನೆಯ ಸೂರಿನತ್ತ ನೋಡಿದರು.

"ನಿಜ ಹೇಳಿ. ಎಷ್ಟು ದೊಡ್ಡದಿತ್ತು ಆ ಗಾಳಿ?"

"ತುಂಬಾ ಸಣ್ಣದು ಅಕ್ಕ" ಎಂದೆ. "ಇತಿಹಾಸದಲ್ಲಿ ಅದಕ್ಕಿಂತ ಸಣ್ಣದು ನನಗೆ ಗೊತ್ತಿಲ್ಲ."

"ಸದ್ಯ" ಎಂದು ಅಕ್ಕ ಮೆಷಿನ್ ತುಳಿದರು.